ಒಂದರಿಂದ ಹತ್ತು

ಶುಕ್ರವಾರ, ಊಟದ ಬಿಡುವು
ಅಚ್ಚುಕೂಟದಿಂದ

ನನ್ನ ಲೆಕ್ಕದ ಪುಟ್ಟಿಗೆ ಅಮ್ಮನ ನೂರು ಮುದ್ದು.

ಕೂತು ಓದು, ನಿಂತು ಓದಿದರೆ ಹಾಸ್ಟೆಲಿನಲ್ಲೇ ಕುಣಿದುಬಿಡುತ್ತೀಯ. ನನ್ನ ಕೆಲಸ ಕಾಯಂ ಆಯಿತು ಕಣೇ! ಇನ್ನು ನಾನು ಬೈಂಡಿಂಗಿನ ಹೊಲಿಗೆಯವಳಲ್ಲ, ಕರಡು ತಿದ್ದುವವಳು. ಮೇಜು ನನ್ನದು, ಕೆಂಪು ಪೆನ್ನು ನನ್ನದು.

ಈ ಆರು ತಿಂಗಳು ಹೇಗೆ ಕಳೆದೆನೋ ನನಗೇ ಗೊತ್ತು. ಈ ಗಣಿತದ ಪುಸ್ತಕವೇ ನಿಮಗೆ ಪರೀಕ್ಷೆ, ಒಂದು ತಪ್ಪು ಅಚ್ಚಾದರೂ ಮತ್ತೆ ಸೂಜಿ ದಾರವೇ ಗತಿ ಅಂತ ಯಜಮಾನರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ಹದಿನೆಂಟು ವರ್ಷ ಹೊಲಿದ ಬೆರಳಿಗೆ ಮತ್ತೆ ಅದೇ ಸೂಜಿಯೇ ಅಂತ ನನಗೆ ಅನ್ನ ಸೇರುತ್ತಿರಲಿಲ್ಲ.

ಆ ಪುಸ್ತಕದಲ್ಲಿ ಒಂದು ಪುಟದ ತುಂಬ ಒಂದೇ ಅವಿಭಾಜ್ಯ ಸಂಖ್ಯೆಯ ಗುಣಗಾನ: 12345678910987654321. ಒಂದು ಮತ್ತು ತಾನು ಬಿಟ್ಟರೆ ಬೇರೆ ಯಾವುದರಿಂದಲೂ ಭಾಗವಾಗದು ಅಂತ ಪುಸ್ತಕ ಬರೆದ ಮೇಷ್ಟ್ರು ಅದನ್ನು ಮಗುವಿನ ಹಾಗೆ ಮುದ್ದಾಡುತ್ತಾರೆ. ನಿನ್ನೆ ಬೆಳಿಗ್ಗೆ ಮೊದಲ ಹಾಳೆಗಳು ಹೊರಬಿದ್ದವು. ಶಾಯಿ ಆರದ ಹಾಳೆ ಹಿಡಿದು ಸುಮ್ಮನೆ ಅಂಕಿಗಳನ್ನು ಕೂಡಿದೆ. ಕೂಡಿದ ಮೊತ್ತ ಮೂರರಿಂದ ಭಾಗವಾದರೆ ಇಡೀ ಸಂಖ್ಯೆಯೂ ಭಾಗವಾಗುತ್ತದೆ ಅಂತ ನೀನೇ ಹೇಳಿಕೊಟ್ಟಿದ್ದೆಯಲ್ಲ. ಎಂಬತ್ತೊಂದು ಬಂತು! ಮತ್ತೆ ಕೂಡಿದೆ, ಎಂಬತ್ತೊಂದೇ. ನೋಡಿದರೆ ನಡುವಿನ ಹತ್ತೂ ಅದರ ಪಕ್ಕದ ಒಂದು ಒಂಬತ್ತೂ ಮಾಯ: 12345678987654321.

ಮೆಷಿನ್ ನಿಲ್ಸೀ ಅಂತ ಕೂಗಿದೆ. ಏನಮ್ಮಾ, ಬೆಂಕಿ ಬಿತ್ತಾ ಅಂತ ಮೆಷಿನ್ನಿನವನು ಓಡಿ ಬಂದ. ಯಜಮಾನರು ಮೇಷ್ಟ್ರನ್ನು ಕರೆಸಿದರು. ಮೂವತ್ತು ವರ್ಷ ಪಾಠ ಮಾಡಿದೋನು ನಾನು, ನೋಡೇ ಸಹಿ ಹಾಕಿದ್ದೀನಿ ಅಂತ ಅವರು ಗುಡುಗಿದರು. ಕೂಡಿ ನೋಡಿ ಸಾರ್ ಅಂತ ಕೈಗೆ ಪೆನ್ಸಿಲ್ ಕೊಟ್ಟೆ. ಕೂಡಿದರು, ಕನ್ನಡಕ ತೆಗೆದರು, ಅಲ್ಲೇ ಕಾಗದದ ರಾಶಿಯ ಮೇಲೆ ಕೂತರು. ಇದು ಒಂಬತ್ತು ಒಂದುಗಳನ್ನ ಸಾಲಾಗಿ ಬರೆದು ಅದರಿಂದಲೇ ಗುಣಿಸಿದರೆ ಬರೋ ಸಂಖ್ಯೆ, ಅವಿಭಾಜ್ಯ ಅಂತ ಅಚ್ಚಾಗಿದ್ದರೆ ನನ್ನ ಮಾನ ಹರಾಜಾಗ್ತಿತ್ತಲ್ಲ ತಾಯೀ ಅಂದರು. ಹತ್ತನ್ನೂ ಆ ಒಂಬತ್ತನ್ನೂ ಮತ್ತೆ ಸೇರಿಸಿ ಅಂಕಿಗಳನ್ನು ಕೂಡಿದರೆ ತೊಂಬತ್ತೊಂದು, ಮೂರರ ಆಟ ನಡೆಯಲಿಲ್ಲ. ಅಷ್ಟಕ್ಕೇ ಅವಿಭಾಜ್ಯ ಅಂತ ಸಾಬೀತಾಗದಂತೆ, ಅದನ್ನು ಕಂಪ್ಯೂಟರ್ ಎಂದೋ ಪರೀಕ್ಷಿಸಿದೆಯಂತೆ. ಇರಲಿ, ನನ್ನ ಪಾಲಿನ ಪರೀಕ್ಷೆ ನಾನು ಮಾಡಿದೆನಲ್ಲ! ಎಲ್ಲರೂ ಚಪ್ಪಾಳೆ ತಟ್ಟಿದರು ಪುಟ್ಟೀ, ಬೈಂಡಿಂಗಿನ ಗೆಳತಿಯರಂತೂ ಸಿಳ್ಳೆ ಹಾಕಿದರು. ನಾನು ಅತ್ತೆ, ನಕ್ಕೆ.

ಹೊಟ್ಟೆ ತುಂಬ ಉಣ್ಣು, ಚೆನ್ನಾಗಿ ಓದು.

ನಿನ್ನ,
ಕಾಯಂ ಆದ ಅಮ್ಮ

ತಾ.ಕ. ನಿನ್ನ ಹತ್ತಿರ ಮುಚ್ಚಿಡಲಾರೆ. ಆ ಹತ್ತನ್ನು ಹೊಡೆದು ಹಾಕಿದವಳು ನಾನೇ. ಹಸ್ತಪ್ರತಿಯ ಅಂಚಿನಲ್ಲಿ ‘ಒಂದರಿಂದ ಹತ್ತು, ಮತ್ತೆ ಒಂದಕ್ಕೆ ಇಳಿ’ ಅಂತಿತ್ತು. ನಾನು ಅದನ್ನು ಮೆಟ್ಟಿಲು ಹತ್ತು ಅನ್ನುವ ಹಾಗೆ ಓದಿಕೊಂಡು, ಒಂಬತ್ತರವರೆಗೆ ಹತ್ತಿ ಇಳಿದರೆ ಸಾಕಲ್ಲ ಅಂತ ಹತ್ತಕ್ಕೂ ಎರಡನೇ ಒಂಬತ್ತಕ್ಕೂ ಕೆಂಪು ಗೆರೆ ಎಳೆದಿದ್ದೆ. ನನ್ನನ್ನು ನಂಬಿ ಮೇಷ್ಟ್ರು ಸಹಿ ಹಾಕಿದ್ದರು. ಮೆಷಿನ್ ನಿಂತ ಕೂಡಲೇ ಯಜಮಾನರ ಹತ್ತಿರ ತಪ್ಪು ಒಪ್ಪಿಕೊಂಡೆ. ಪುಸ್ತಕ ಹೊರಬೀಳೋ ಮೊದಲೇ ಹಿಡಿದಿರಲ್ಲ, ಮೇಜು ನಿಮ್ಮದೇ ಅಂದರು. ಮೇಷ್ಟ್ರಿಗೆ ಹೇಳಲು ಬಾಯಿ ಬರಲಿಲ್ಲ. ಈಗಷ್ಟೇ ಅವರ ಮುನ್ನುಡಿಯ ಕರಡು ನನ್ನ ಮೇಜಿಗೆ ಬಂತು: ‘ಯಾರದೋ ತಪ್ಪನ್ನು ಹಿಡಿದ ತಾಯಿಗೆ ಕೃತಜ್ಞತೆಗಳು.’ ‘ಯಾರದೋ’ ಹೊಡೆದು, ಕೆಂಪು ಶಾಯಿಯಲ್ಲಿ ‘ತನ್ನದೇ’ ಅಂತ ತಿದ್ದಿ ಕಳಿಸಿದೆ.