ಸೀರೆ ವ್ಯಾಪಾರಿಯ ರಕ್ತ

ಅನಗವಾಡಿ, ಬೀಳಗಿ ತಾಲೂಕು
೧೨-೭-೨೦೦೬, ಬುಧವಾರ

ಲೇ ಗುರುಪಾದಾ, ಕಾಗದ ಬಿಚ್ಚಿದ ಮೇಲೆ ನಿಂತು ಓದಬೇಡ, ಕೂತುಕೋ. ಅರ್ಧ ಓದಿ ಮಡಚಿ ಕಿಸೆಯಲ್ಲಿ ಇಟ್ಟೆಯೋ, ಜಮಖಂಡಿಗೆ ಬಂದು ನಿನ್ನ ಕಾಲೇಜಿನ ಆಫೀಸಿನಲ್ಲೇ ನಿಂತು ಬೈಯುತ್ತೇನೆ. ಫೋನ್ ಹಚ್ಚಿದರೆ "ಕೆಲಸದಾಗ ಅದೀನಿ ಆಯಿ, ಆಮ್ಯಾಲ ಮಾತಾಡ್ತೇನಿ" ಎಂದು ಇಟ್ಟುಬಿಡುತ್ತೀ. ನಿನ್ನ ಆ "ಆಮ್ಯಾಲ" ಇನ್ನೂ ಬಂದಿಲ್ಲ. ಅದಕ್ಕೇ ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟ ಈ ಕೈಯಲ್ಲಿ ಪೆನ್ನು ಹಿಡಿದಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಕನ್ನಡಕ ಹಾಕಿಕೊಂಡು ಓದು.

ಪ್ರೀತಿಯ ಮೊಮ್ಮಗನೇ, ಮೈ ಹೇಗಿದೆ? ಹೇಗಿದೆ ಎಂದು ನನಗೆ ಗೊತ್ತು, ಕಾಗದದಲ್ಲಿ ಮೊದಲು ಕೇಳಬೇಕು ಎಂದು ಕೇಳಿದೆ. ನೀನು ಬಾಯಿ ಕಟ್ಟಿ ಕಳಿಸಿದ್ದರೂ ನಿನ್ನ ಹೆಂಡತಿ ಕಾವೇರಿ ಹೋದ ಸೋಮವಾರ ಬಂದವಳು ಕಟ್ಟೆಯ ಮೇಲೆ ಕೂತು ಅತ್ತಳು. ಹೊತ್ತು ಇಳಿದರೆ ಜ್ವರವಂತೆ, ಬೆಳಗಾಗುವುದರಲ್ಲಿ ಹಾಸಿಗೆ ತೊಯ್ಯುವಷ್ಟು ಬೆವರಂತೆ, ಟೊಂಕ ಹಿಡಿದುಕೊಂಡು ಮುದುಕನ ಹಾಗೆ ಏಳುತ್ತೀಯಂತೆ. ಒಂದೂವರೆ ತಿಂಗಳಲ್ಲಿ ಎರಡು ಸಲ ರಕ್ತ ಕೊಟ್ಟೆಯಂತೆ, ಟೈಫಾಯ್ಡ್ ಎಂದು ಗುಳಿಗೆ ನುಂಗಿದೆಯಂತೆ. "ಊರಾಗ ಹೇಳಬ್ಯಾಡ" ಎಂದೆಯಂತೆ. ಯಾಕೋ? ನಾನು ಊರೋ, ನಿನ್ನ ಆಯಿಯೋ?

ನಿನ್ನ ಕಾಕಾ ಕಾಮಣ್ಣನಿಗೂ ಹೀಗೇ ಶುರುವಾಗಿತ್ತು, ಇದೇ ಜ್ವರ, ಇದೇ ಟೊಂಕ. ನಿನ್ನ ಅಪ್ಪ ಹೋದ ಮೇಲೆ ನಿನ್ನನ್ನು ಹೆಗಲ ಮೇಲೆ ಹೊತ್ತು ಸಾಲಿಗೆ ಬಿಟ್ಟುಬರುತ್ತಿದ್ದವನು, ಹೋದ ಮಾಗಿಯಲ್ಲಿ ನಾಲ್ಕು ಹೆಜ್ಜೆ ನಡೆದರೆ ಕೂತುಬಿಡುತ್ತಿದ್ದ. ನೀನೇ ಅವನನ್ನು ಜಮಖಂಡಿಯ ದವಾಖಾನೆಗೆ ಕರೆದುಕೊಂಡು ಹೋದೆ, ಅದಕ್ಕೆ ನಿನ್ನ ಹೊಟ್ಟೆ ತಣ್ಣಗಿರಲಿ. ಆದರೆ ಹೋಗುವ ಮೊದಲು ಏನು ಮಾಡಿದೆ? ಅವನ ಕಂಬಳಿ ಬಿಚ್ಚಿಸಿದೆ, ನಿನ್ನ ಇಸ್ತ್ರಿ ಅಂಗಿ ತೊಡಿಸಿದೆ. ರಕ್ತ ತಪಾಸಣೆಯ ಚೀಟಿಯಲ್ಲಿ ಉದ್ಯೋಗ ಏನು ಎಂದು ಕೇಳಿದ ಕಡೆ "ಸೀರೆ ವ್ಯಾಪಾರ, ಬನಹಟ್ಟಿ" ಎಂದು ಬರೆದೆ. ಲೇ, ಆ ಮನುಷ್ಯ ತನ್ನ ಹೆಂಡತಿಗೂ ಒಂದು ಸೀರೆ ಆರಿಸಿ ತಂದವನಲ್ಲ! ದವಾಖಾನೆಯ ಗುಮಾಸ್ತ ನಿನ್ನ ಗುರುತಿನವನಂತೆ, ಅವನ ಕಣ್ಣಿಗೆ ನೀನು ಕುರಿಯವರ ಮನೆಯ ಹುಡುಗ ಎಂದು ಬೀಳಬಾರದಂತೆ.

ಸೀರೆ ವ್ಯಾಪಾರಿಗೆ ಬರುವ ಜ್ವರಗಳನ್ನೇ ಅವರು ಹುಡುಕಿದರು. ಮೂರು ಸಲ ರಕ್ತ ತೆಗೆದರು. ಮಲೇರಿಯಾ ಇಲ್ಲ ಎಂದರು, ಟೈಫಾಯ್ಡ್ ಇದ್ದರೂ ಇರಬಹುದು ಎಂದರು. ಅವರದೇನು ತಪ್ಪು? ದಾರಿ ಕೇಳಿದವರಿಗೆ ನೀನೇ ಬೇರೆ ಊರಿನ ದಾರಿ ತೋರಿಸಿದ್ದೆ. ಅತ್ತ ನಿನ್ನ ಕಾಕಾ ಎರಡು ತಿಂಗಳಲ್ಲಿ ಬರಿ ಎಲುಬಾದ.

ಕಡೆಗೆ ಮೇ ತಿಂಗಳಲ್ಲಿ ನಾನೇ ಅದೇ ದವಾಖಾನೆಗೆ ಕರೆದುಕೊಂಡು ಹೋದೆ, ಕಂಬಳಿ ಹೊದಿಸಿಯೇ. ಲ್ಯಾಬಿನಲ್ಲಿ ರೇಷ್ಮಾ ಎಂಬ ಹುಡುಗಿ ಇದ್ದಾಳೆ. ತೋಳಿಗೆ ರಬ್ಬರು ಬಿಗಿದವಳು ಕಂಬಳಿ ನೋಡಿದಳು, ನೀನು ಬರೆದ ಹಳೆಯ ಚೀಟಿ ನೋಡಿದಳು, ನನ್ನ ಮುಖ ನೋಡಿದಳು.

"ಅಮ್ಮಾರ, ಮನ್ಯಾಗ ಕುರಿ ಅದಾವೇನ್ರಿ?"

"ಕುರಿ ಇಲ್ಲದ ಯಾವ ದಿನಾನೂ ನಮ್ಮ ಮನಿ ಕಂಡಿಲ್ಲ ತಂಗಿ."

"ಮತ್ತ ಚೀಟ್ಯಾಗ ಸೀರಿ ವ್ಯಾಪಾರ ಅಂತ ಬರದೈತಲ್ರೀ?"

"ಅದನ್ನ ಬರದಾಂವನ್ನ ಕೇಳ ಬೇ. ನಮ್ಮ ಕುರಿ ಸೀರಿ ಉಡೂದಿಲ್ಲ."

ಹುಡುಗಿ ನಗಲಿಲ್ಲ. ಈ ಸಲ ಕುರಿ ಕಂದು ಹಾಕಿದವೇನು ಎಂದು ಕೇಳಿದಳು. ನಾಲ್ಕು ಕುರಿ ದಿನ ತುಂಬುವ ಮೊದಲೇ ಮರಿ ಕೆಡವಿದ್ದು, ನಿನ್ನ ಕಾಕಾ ಬರಿಗೈಯಲ್ಲಿ ಎಳೆದು ಹಾಕಿದ್ದು, ಎಲ್ಲ ಹೇಳಿದೆ. ಅವಳು ಸೂಜಿ ಕೆಳಗಿಟ್ಟು ಡಾಕ್ಟರ ಹತ್ತಿರ ಓಡಿದಳು. ಕುರಿಯಿಂದ ಮನುಷ್ಯರಿಗೆ ಬರುವ ಜ್ವರವಂತೆ, ಬ್ರುಸೆಲ್ಲಾ ಎಂದು ಹೆಸರು. ಅದಕ್ಕೆ ಬೇರೆಯದೇ ತಪಾಸಣೆ ಇದೆಯಂತೆ. ಅದೇ ಬೇಕು ಎಂದು ಡಾಕ್ಟರು ಬರೆದುಕೊಡದೆ ಯಾರೂ ಮಾಡುವುದಿಲ್ಲವಂತೆ. ಮಾಡಿದರು, ಸಿಕ್ಕಿತು. ಆರು ವಾರ ಎರಡು ಥರದ ಗುಳಿಗೆ ನುಂಗಿ, ನಿನ್ನ ಕಾಕಾ ಹೋದ ವಾರ ಹೊಳೆಯ ದಂಡೆಯವರೆಗೆ ಕುರಿ ಹೊಡೆದುಕೊಂಡು ಹೋಗಿ ಬಂದ.

ಇಷ್ಟು ನಿನಗೂ ಗೊತ್ತು. ಗೊತ್ತಿದ್ದೂ ನಿನ್ನ ಚೀಟಿಯಲ್ಲಿ ಮತ್ತೆ ಬರೀ "ನೌಕರಿ" ಎಂದು ಬರೆದು ಬಂದೆ. "ನಾ ಕುರಿ ಮುಟ್ಟಿ ಐದು ವರ್ಷಾತು, ನನಗ್ಯಾಕ ಬರತೈತಿ?" ಎಂದೆಯಂತೆ ಕಾವೇರಿಗೆ. ಜ್ವರ ನಿನ್ನ ಪಗಾರದ ಚೀಟಿ ನೋಡಿ ಹಿಂದೆ ಸರಿಯುತ್ತದೇನೋ ಮೂರ್ಖಾ? ಕುರಿಯವರು ಎಂದರೆ ಯಾರು ನಗುತ್ತಾರೆ? ನಗುವವನ ಹೆಸರು ಬರೆದು ಕಳಿಸು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ. ವೈದ್ಯರ ಮುಂದೆ, ವಕೀಲರ ಮುಂದೆ ಸುಳ್ಳಾಡಬಾರದು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ನೀನು ಸೆರಗಿನಲ್ಲಿ ಕೆಂಡ ಕಟ್ಟಿಕೊಂಡು ಕೂತಿದ್ದೀ. ನಾಳೆಯೇ ಹೋಗು. ಆ ಹುಡುಗಿಯ ಮುಂದೆ, ಆ ಡಾಕ್ಟರ ಮುಂದೆ, ನಿನ್ನ ಬಾಯಿಂದಲೇ "ನಮ್ಮದು ಕುರಿಯವರ ಮನಿರೀ" ಎಂದು ಹೇಳು. ನಿನ್ನ ಗುರುತಿನ ಗುಮಾಸ್ತನಿಗೂ ಕೇಳುವ ಹಾಗೆ ಹೇಳು.

ಕಾವೇರಿಗೆ ನನ್ನ ಆಶೀರ್ವಾದ; ಅವಳನ್ನು ಬೈದೆಯೋ ನನ್ನನ್ನು ಬೈದ ಹಾಗೆ. ಬೀರಪ್ಪ ನಿನಗೆ ಮೈ ತುಂಬ ಬಲ, ತಲೆ ತುಂಬ ಬುದ್ಧಿ ಕೊಡಲಿ, ಬುದ್ಧಿ ಮೊದಲು.

ನಿನ್ನ ಆಯಿ
ಸತ್ಯವ್ವ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಕುರಿ ಮುಟ್ಟದ ನಿನಗೆ ಹೇಗೆ ಬಂತು ಎಂದು ಕೇಳುತ್ತೀಯಲ್ಲ, ಕೇಳು. ಕಾಸದ ಹಾಲಿನಿಂದಲೂ ಬರುತ್ತದಂತೆ. ಅವತ್ತು ರೇಷ್ಮಾ "ಹಸಿ ಹಾಲ ಕುಡೀತೀರೇನ್ರಿ?" ಎಂದು ಕೇಳಿದಾಗ ನಾನು "ಇಲ್ಲವ್ವ, ಛಲೋತ್ನಂಗ ಕಾಸ್ತೀವಿ" ಎಂದುಬಿಟ್ಟೆ. ದೇವರ ಎಡೆಯ ಕುರಿಹಾಲನ್ನು ನಮ್ಮ ಮನೆಯಲ್ಲಿ ಒಲೆಗೆ ಇಡುವುದಿಲ್ಲ ಎಂದು ಆ ಕಲಿತ ಹುಡುಗಿಯ ಮುಂದೆ ಹೇಳಲು ನಾಚಿಕೆಯಾಯಿತು. ಯುಗಾದಿಗೆ ನೀವು ಬಂದಾಗ ಆ ಹಾಲನ್ನು ನನ್ನ ಕೈಯಾರೆ ಎರಡು ಲೋಟ ಕೊಟ್ಟೆ. ಕಾವೇರಿ ಮೂಸಿ ನೋಡಿ ಇಟ್ಟಳು. ಆಯಿಗೆ ಬೇಜಾರಾದೀತು ಎಂದು ನೀನು ಎರಡನ್ನೂ ಕುಡಿದೆ. ಈಗ ಬೀರಪ್ಪನಿಗೆ ತಪ್ಪಾಯಿತು ಎಂದು ಕೈಮುಗಿದು ಕಾಸುತ್ತಿದ್ದೇನೆ. ನಿನಗೂ ಕೈಮುಗಿಯಬೇಕೆಂದಿದ್ದರೆ ಮುಗಿಯುತ್ತೇನೆ, ಆದರೆ ಮೊದಲು ರಕ್ತ ಕೊಟ್ಟು ಬಾ. ಹಸಿ ಹಾಲು ಕೊಟ್ಟವಳು ನನ್ನ ಆಯಿ ಸತ್ಯವ್ವ, ಅವಳು ಇಲ್ಲಿ ಸುಳ್ಳು ಹೇಳಿ ಹೋಗಿದ್ದಾಳೆ ಎಂದು ರೇಷ್ಮಾಳಿಗೆ ಹೇಳು. ತಪಾಸಣೆಯಲ್ಲಿ ಏನು ಬಂತು ಎಂದು ಮುಂದಿನ ತಿಂಗಳು ಹುಟ್ಟುವುದರೊಳಗೆ ಬರೆದು ತಿಳಿಸು.