ಬೈಕಿನ ಬೆಲೆಯಲ್ಲಿ ಸೇರದ್ದು

ಜನರಲ್ ಸಾಂತೋಸ್, ಬಂದರಿನ ಹಿಂಬದಿ
ಸೆಪ್ಟೆಂಬರ್ ೧೪

ಪ್ರೀತಿಯ ಕ್ರಿಸಾಂತೊ,

ಹೇಗಿದ್ದೀ? ಗಾಳದ ದಾರ ಕೊಯ್ದ ಅಂಗೈ ಮಾಗಿತೇ? ಉಪ್ಪುನೀರು ತಾಗಿಸಬೇಡ ಎಂದು ನಡುಸಮುದ್ರದಲ್ಲಿರುವವನಿಗೆ ಹೇಳುತ್ತಿದ್ದೇನಲ್ಲ, ನನಗೂ ಬುದ್ಧಿಯಿಲ್ಲ. ಈ ಪತ್ರ ತರುವ, ನಿಮ್ಮ ಮೀನಿಗೆ ಐಸು ಒಯ್ಯುವ ದೋಣಿಯಲ್ಲೇ ಮುಲಾಮು, ಕಾಫಿಪುಡಿ ಕಳಿಸಿದ್ದೇನೆ. ನಾವೆಲ್ಲ ಚೆನ್ನಾಗಿದ್ದೇವೆ. ಜೆಸಿಲ್‌ಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ಕ್ರಿಸ್ಮಸ್ಸಿಗೆ ಅಪ್ಪ ಬರುವಷ್ಟರಲ್ಲಿ ಹೊಸವು ಹುಟ್ಟುತ್ತವೋ ಇಲ್ಲವೋ ಎಂಬುದೇ ಅವಳ ಚಿಂತೆ.

ಇನ್ನು ಬೈಕಿನ ಸಮಾಚಾರ. ನೀನು ಹೊರಡುವ ಹಿಂದಿನ ದಿನ ಅದನ್ನು ತಂದು ಅಂಗಳದಲ್ಲಿ ನಿಲ್ಲಿಸಿ, "ಡೌನ್ ಪೇಮೆಂಟು ನನ್ನ ಉಳಿತಾಯದ್ದು. ಇನ್ನು ತಿಂಗಳಿಗೆ ಮೂರು ಸಾವಿರ ಪೆಸೊ, ಅಷ್ಟೇ ಕಣೇ. ಬಾಡಿಗೆಗೆ ಓಡಿಸಿದ್ರೆ ತನ್ನ ಕಂತು ತಾನೇ ಕಟ್ಕೊಳುತ್ತೆ" ಎಂದಿದ್ದೆ. ಅಷ್ಟೇ ಎಂಬ ಆ ಮಾತು ಮೂರು ದಿನ ಬಾಳಿತು. ಚಕ್ರಕ್ಕೆ ಕೋಳಿಯ ರಕ್ತ ಹಚ್ಚದೆ ಹೊಸ ಗಾಡಿ ಹತ್ತಬಾರದೆಂದು ಅತ್ತೆ ಹಟ ಹಿಡಿದರು. ಕೋಳಿ ಕೊಯ್ದ ಮೇಲೆ ಬೀದಿಗೆಲ್ಲ ಊಟ ಹಾಕದಿದ್ದರೆ ಆದೀತೇ? ಒಂದು ಕೋಳಿ ನಾಲ್ಕಾಯಿತು, ಜೊತೆಗೆ ನಿನ್ನ ಗೆಳೆಯರಿಗೆ ರಮ್ಮು. ಆಮೇಲೆ ಹೆಲ್ಮೆಟ್ಟು ಎರಡು, ವಿಮೆ, ನೋಂದಣಿ. ಓಡಿಸಲು ಬೇರೆಯವರನ್ನಿಟ್ಟರೆ ಗಳಿಕೆಯಲ್ಲಿ ಅರ್ಧ ಅವರಿಗೇ ಹೋಗುತ್ತದೆಂದು ನಾನೇ ಕಲಿತು ಲೈಸೆನ್ಸು ಮಾಡಿಸಿದೆ. ಎರಡು ಸಲ ಚರಂಡಿಗೆ ಬಿದ್ದೆ. ಎರಡೂ ಸಲ ಮೊದಲು ಬೈಕನ್ನೇ ನೋಡಿಕೊಂಡೆ, ಆಮೇಲೆ ಮೊಣಕಾಲನ್ನು.

ಇನ್ನು ಅಕ್ಕಪಕ್ಕದವರ ಹತ್ತಿರ ಬಾಡಿಗೆ ಕೇಳಲು ಬಾಯಿ ಬರಬೇಕಲ್ಲ. ಎದುರುಮನೆಯ ಪುರಿಂಗ್ ಅಜ್ಜಿ ಹಿಂದೆ ಹತ್ತಿ ಕೂತು, "ಹೇಗೂ ಪೇಟೆಗೆ ಹೋಗ್ತಿದ್ದೀಯಲ್ಲ ಮಗಳೇ, ನಾನೇನು ಭಾರಾನಾ?" ಎನ್ನುತ್ತಿದ್ದರು. ಭಾರವೇ. ಮಡಿಲಲ್ಲಿ ಅಕ್ಕಿಚೀಲ ಬೇರೆ. ಇಳಿಯುವಾಗ ಎರಡು ಬಾಳೆಹಣ್ಣು ಕೈಗಿಡುತ್ತಿದ್ದರು. ಪೆಟ್ರೋಲ್ ಬಂಕಿನವನು ಬಾಳೆಹಣ್ಣು ತೆಗೆದುಕೊಳ್ಳುವುದಿಲ್ಲ. ಆದರೂ ಸುಳ್ಳೇಕೆ ಹೇಳಲಿ, ಜೆಸಿಲ್‌ಳನ್ನು ಹಿಂದೆ ಕೂರಿಸಿಕೊಂಡು ಕಡಲಿನ ದಾರಿಯಲ್ಲಿ ಹೋಗುವಾಗ ನನಗೆ ಬಹಳ ಸಂತೋಷವಾಗುತ್ತಿತ್ತು.

ಐಸಿನ ದೋಣಿಯವರು ಕೂಗುತ್ತಿದ್ದಾರೆ. ಅತ್ತೆಯ ಆಶೀರ್ವಾದ, ಜೆಸಿಲ್‌ಳ ಹಲ್ಲಿಲ್ಲದ ಮುತ್ತು.

ನಿನ್ನ
ಲಿಯೊನಿಲಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಹೋದ ತಿಂಗಳು ಕಂತಿಗೆ ಕಡಿಮೆ ಬಿದ್ದು, ನಿನ್ನ ಪಾಲಿನ ಹಣದಲ್ಲಿ ಸ್ವಲ್ಪ ಕೇಳೋಣವೆಂದು ದೋಣಿ ಮಾಲೀಕರ ಕಚೇರಿಗೆ ಹೋಗಿದ್ದೆ. "ಬೈಕಿಗೆ ಅಂತ ಮುಂಗಡ ತಗೊಂಡು, ಅದನ್ನ ತೀರ್ಸೋಕೆ ಇನ್ನೊಂದು ಯಾನಕ್ಕೂ ಸಹಿ ಹಾಕಿದಾನಲ್ಲಮ್ಮ, ಕ್ರಿಸ್ಮಸ್ಸಿಗೆಲ್ಲಿ ಬರ್ತಾನೆ?" ಎಂದರು ಗುಮಾಸ್ತರು. ಉಳಿತಾಯದ್ದು ಎಂದಿದ್ದೆಯಲ್ಲೋ! ಮೂರು ದಿನ ನಿನ್ನ ಮೇಲೆ ಸಿಟ್ಟಿತ್ತು, ನಾಲ್ಕನೆಯ ದಿನ ಅಳು ಬಂತು. ಉಳಿದ ಕಂತು ಕಟ್ಟುತ್ತೇನೆಂದ ನನ್ನ ತಮ್ಮನಿಗೆ, ಬೈಕು ಕೊಟ್ಟ ಅಂಗಡಿಯವರ ಒಪ್ಪಿಗೆ ಪಡೆದು ಅದನ್ನು ಬಿಟ್ಟುಕೊಟ್ಟೆ. ನಾವು ಈವರೆಗೆ ಕಟ್ಟಿದ್ದಕ್ಕೆಂದು ಅವನು ಕೊಟ್ಟ ಹಣಕ್ಕೆ ನನ್ನ ಕಿವಿಯೋಲೆ ಮಾರಿದ್ದನ್ನೂ ಸೇರಿಸಿ ನಿನ್ನ ಮುಂಗಡ ತೀರಿಸಿದೆ. ನಿನ್ನ ಸಹಿ ರದ್ದಾದ ಚೀಟಿ ಇದರೊಳಗಿದೆ, ನಿಮ್ಮ ದೋಣಿ ನಡೆಸುವವನಿಗೆ ತೋರಿಸು. ಬಂದರಿನಿಂದ ಮನೆಗೆ ನಡೆದೇ ಬರಬೇಕು ನೋಡು. ನಾವಿಬ್ಬರೂ ಎದುರುಗೊಳ್ಳಲು ಬರುತ್ತೇವೆ.