ಅಮ್ಮನ ಕೋಸಿನ ಜಾಡಿ

ಅಪ್ಪಾ,

ನಾನು ಆಸ್ಪತ್ರೆಗೆ ಹೊರಟೆ. ಮನೇಲಿರೋದು ನಾವಿಬ್ಬರು, ನೀವು ನೋಡಿದರೆ ಊರಿಗೆಲ್ಲ ಆಗೋಷ್ಟು ತರಕಾರಿ ತಂದಿದ್ದೀರಿ. ಬಾಡಿದ್ದನ್ನೆಲ್ಲ ಹೆಚ್ಚಿ ಒಲೆ ಮೇಲಿಟ್ಟಿದ್ದೇನೆ. ಉರಿ ಸಣ್ಣಗೇ ಇರಲಿ. ಅವಸರ ಮಾಡಿ ತಳ ಹಿಡಿಸಬೇಡಿ. ಮೆತ್ತಗೆ ಬೆಂದ ಮೇಲೆ ಸೋಸಿ ತನ್ನಿ, ಅಮ್ಮನ ಗಂಟಲಲ್ಲಿ ಈಗ ತಿಳಿ ಬಿಟ್ಟು ಬೇರೇನೂ ಇಳೀತಿಲ್ಲ.

ಅವಳು ಹುಳಿ ಬರಲಿ ಅಂತ ಉಪ್ಪುನೀರಲ್ಲಿ ಹಾಕಿಟ್ಟ ಕೋಸಿನ ಜಾಡಿ ದಿನಾ ತೆಗೆದು ಮೂಸಿ ನೋಡ್ತೀರಲ್ಲ, ಗಾಳಿ ಆಡಿ ಬೂಷ್ಟು ಹಿಡಿದಿದೆ. ಬೇಡ ಬೇಡ ಅಂತ ಎಷ್ಟು ಬಡ್ಕೊಂಡೆ! ನಿನ್ನೆ ಅವಳು, "ನಾನು ಬರೋವರೆಗೂ ತೆಗೀಬೇಡಿ" ಅಂದಳು. ಹೂಂ ಅಂದೆ.

ಅವಳು ಬರಲ್ಲ ಅಂತ ಡಾಕ್ಟರು ನಿಮಗೂ ಹೇಳಿದ್ದಾರೆ. ಜಾಡೀಲಿರೋದು ಇನ್ನು ತಿನ್ನೋಕಾಗಲ್ಲ, ಆದರೂ ಎಸೀಬೇಡಿ. ಅವಳು ಕೇಳಿದರೆ, ಮುಚ್ಚಳ ಯಾರೂ ಮುಟ್ಟಿಲ್ಲ ಅಂತ ಹೇಳಿ. ಹೇಳುವಾಗ ನನ್ನ ಮುಖ ನೋಡಬೇಡಿ.